ಬದು, ಕೃಷಿ ಹೊಂಡಕ್ಕೆ ಸಹಾಯಧನ: ಪಹಣಿಯಿಂದ ಮೊದಲ ಮಳೆಯವರೆಗೆ ಯಾವ ಕೆಲಸದ ನಂತರ ಯಾವ ಕೆಲಸ

ಕೃಷಿ ಹೊಂಡದ ಅರ್ಜಿ ತಿರಸ್ಕಾರವಾಯಿತು ಎಂದು ಬೇಸರಪಡುವ ರೈತರಲ್ಲಿ ಹೆಚ್ಚಿನವರಿಗೆ ಅರ್ಹತೆ ಇದ್ದೇ ಇರುತ್ತದೆ. ಅವರು ಸೋಲುವುದು ಕೆಲಸದ ಕ್ರಮದಲ್ಲಿ. ಜೆಸಿಬಿ ಊರಿಗೆ ಬಂದಿದೆ ಎಂದು ಮೊದಲು ತೋಡಿಸಿ, ಆಮೇಲೆ ಅರ್ಜಿ ಹಿಡಿದು ಹೋಗುತ್ತಾರೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. ಹೊಂಡದ ಬಾಯಿ ಅಳೆದು ಪ್ಲಾಸ್ಟಿಕ್ ತರಿಸುತ್ತಾರೆ, ಅದು ಅರ್ಧಕ್ಕೂ ಸಾಲುವುದಿಲ್ಲ. ಎಲ್ಲ ಸರಿಯಾಗಿ ಹಣವೂ ಬಂದ ಮೇಲೆ ಹೊಂಡಕ್ಕೆ ನೀರೇ ಬರುವುದಿಲ್ಲ. ಈ ಬರಹ ಕರ್ನಾಟಕದ ಮಳೆಯಾಶ್ರಿತ ತಾಲ್ಲೂಕುಗಳ ರೈತರಿಗಾಗಿ. ಕೃಷಿ ಭಾಗ್ಯದಂತಹ ಯೋಜನೆಯಲ್ಲಿ ಬದು, ಹೊಂಡ, ಹೊದಿಕೆ (ನೀರು ಇಂಗದಂತೆ ಹೊಂಡದೊಳಗೆ ಹಾಸುವ ಪ್ಲಾಸ್ಟಿಕ್), ಬೇಲಿ, ಪಂಪು, ತುಂತುರು ಅಥವಾ ಹನಿ ನೀರಾವರಿ ಮಾಡಿಸಲು ಹೊರಟವರು ಯಾವುದನ್ನು ಯಾವಾಗ ಮಾಡಬೇಕು ಎಂಬುದಷ್ಟೇ ಇಲ್ಲಿದೆ.

ಮೊದಲೇ ಕೈಯಲ್ಲಿರಬೇಕಾದವು

ಈಚಿನ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಫ್‌ಐಡಿ ಸಂಖ್ಯೆ (ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಸಿಗುವ ಗುರುತಿನ ಸಂಖ್ಯೆ), ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಆರ್‌ಡಿ ಸಂಖ್ಯೆ ಇರುವ ಜಾತಿ ಪ್ರಮಾಣಪತ್ರ, ಎರಡು ಫೋಟೊ. ಹೊಲದ ಕೆಲಸಕ್ಕೆ ಉದ್ದದ ಟೇಪು, ಒಂದು ಚೀಲ ಸುಣ್ಣದ ಪುಡಿ, ಗೂಟಗಳು, 10–15 ಮೀಟರ್ ಉದ್ದದ ಪಾರದರ್ಶಕ ಪೈಪು, ಒಂದೇ ಎತ್ತರದ ಎರಡು ಕೋಲು. ಈ ಪೈಪಿನಲ್ಲಿ ನೀರು ತುಂಬಿದರೆ ಅದೇ ನಿಮ್ಮ ಮಟ್ಟದ ಉಪಕರಣ. ಮನೆ ಕಟ್ಟುವ ಗಾರೆಯವರ ಬಳಿ ಇದು ಇದ್ದೇ ಇರುತ್ತದೆ, ಕೇಳಿ ತಂದರಾಯಿತು.

ಹಂತ 1: ಕಾಗದಗಳನ್ನು ಸರಿ ಮಾಡಿಕೊಳ್ಳಿ

ಅತಿ ಹೆಚ್ಚು ಕಾಲ ಹಿಡಿಯುವುದು ಇದೇ ಹಂತ. ಆದ್ದರಿಂದ ಹೊಂಡ ಬೇಕು ಎಂದು ಮನಸ್ಸಿಗೆ ಬಂದ ದಿನವೇ ಇದನ್ನು ಶುರು ಮಾಡಿ, ಅರ್ಜಿ ಕರೆಯುವವರೆಗೆ ಕಾಯಬೇಡಿ.

ಪಹಣಿಯಲ್ಲಿ ಯಾರ ಹೆಸರಿದೆ ನೋಡಿ. ತಂದೆ ಅಥವಾ ಅಜ್ಜ ತೀರಿಹೋಗಿ ಖಾತೆ ಅವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಆಗಬೇಕು, ಅಂದರೆ ಖಾತೆ ವಾರಸುದಾರರ ಹೆಸರಿಗೆ ಬದಲಾಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ, ಗ್ರಾಮ ಆಡಳಿತ ಅಧಿಕಾರಿಯನ್ನೂ ಕಾಣಿ. ಅಣ್ಣತಮ್ಮಂದಿರ ನಡುವೆ ಮನಸ್ತಾಪವಿದ್ದರೆ ತಿಂಗಳುಗಟ್ಟಲೆ ಎಳೆಯುವುದು ಇಲ್ಲೇ. ಆದರೂ ಇದನ್ನು ಬಿಟ್ಟು ಮುಂದೆ ಹೋಗುವ ದಾರಿಯಿಲ್ಲ.

ಖಾತೆ ಜಂಟಿಯಾಗಿದ್ದರೆ ಉಳಿದವರ ಒಪ್ಪಿಗೆ ಪತ್ರ ಬೇಕು. ಒಪ್ಪಿಗೆಗಿಂತ ದೊಡ್ಡ ತೊಡಕು ಬಾಯಿಮಾತಿನ ಹಿಸ್ಸೆ. ಮನೆಯಲ್ಲಿ ಪಾಲಾಗಿ ನೀವು ಹತ್ತು ವರ್ಷದಿಂದ ಉಳುತ್ತಿರುವುದು ಒಂದು ಸರ್ವೆ ನಂಬರ್, ಪಹಣಿಯಲ್ಲಿ ನಿಮ್ಮ ಹೆಸರಿರುವುದು ಪಕ್ಕದ ನಂಬರಿನಲ್ಲಿ. ನೀವು ಉಳುವ ಕಡೆ ಹೊಂಡ ತೋಡಿದರೆ, ಜಿಪಿಎಸ್ ಫೋಟೊ ತೆಗೆಯುವ ದಿನ ಅದು ಬೇರೊಬ್ಬರ ಜಮೀನು ಎಂದು ತೋರಿಸುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಬರುವ ಈ ತೊಡಕಿಗೆ ಪರಿಹಾರ ಬಹಳ ಕಷ್ಟ. ಮೊದಲೇ ಪೋಡಿ ಮಾಡಿಸಿ, ಅಂದರೆ ಸರ್ವೆಯವರಿಂದ ಅಳೆಸಿ ನಿಮ್ಮ ಪಾಲನ್ನು ದಾಖಲೆಯಲ್ಲಿ ಬೇರೆ ಮಾಡಿಸಿ. ಅದು ಆಗುವವರೆಗೆ ದಾಖಲೆಯಲ್ಲಿ ನಿಮ್ಮದೆಂದಿರುವ ಜಾಗದಲ್ಲೇ ಹೊಂಡದ ಯೋಜನೆ ಮಾಡಿ.

ಮೂರನೆಯದು ಎಫ್‌ಐಡಿ. ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಹೆಸರು ಇದ್ದರೆ ಸಾಲದು, ಹೊಂಡ ಮಾಡುವ ಸರ್ವೆ ನಂಬರೂ ಅದರೊಳಗೆ ಸೇರಿರಬೇಕು. ಖಾತೆ ಬದಲಾದ ಮೇಲೆ, ಹೊಸ ಜಮೀನು ಕೊಂಡ ಮೇಲೆ, ಹಿಸ್ಸೆ ನಂಬರ್ ಬಿದ್ದ ಮೇಲೆ ಅದು ತಾನಾಗಿ ಸೇರುತ್ತದೆ ಎಂದು ನಂಬಿ ಕೂರಬೇಡಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಪರದೆಯ ಮೇಲೆ ನಿಮ್ಮ ಕಣ್ಣಿಂದ ನೋಡಿ. ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಆಗಲೇ ಸರಿಪಡಿಸಿಕೊಳ್ಳಿ.

ಕೊನೆಯದಾಗಿ ಬ್ಯಾಂಕು. ಸಹಾಯಧನ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ನೀವು ಅರ್ಜಿಗೆ ಯಾವ ಪಾಸ್‌ಬುಕ್ ಲಗತ್ತಿಸಿದ್ದೀರಿ ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದೆ ಹೋಗಬಹುದು. ಮೂರ್ನಾಲ್ಕು ಬ್ಯಾಂಕುಗಳಲ್ಲಿ ಖಾತೆ ಇರುವವರು, ಡಿಬಿಟಿಗೆ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕೆ) ಈಗ ಯಾವ ಖಾತೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲೇ ಕೇಳಿ ತಿಳಿಯಿರಿ. ಬಹುಕಾಲ ವ್ಯವಹಾರವಿಲ್ಲದೆ ನಿಂತುಹೋದ ಖಾತೆಯಾಗಿದ್ದರೆ ಹಣ ವಾಪಸಾಗುತ್ತದೆ.

ಹಂತ 2: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ನೋಡಿ

ಇದಕ್ಕೆ ಒಂದು ಜೋರು ಮಳೆ ಸಾಕು. ಮಳೆ ನಿಂತ ತಕ್ಷಣ ಹೊಲಕ್ಕೆ ಹೋಗಿ ನೀರು ಹರಿಯುವ ದಾರಿಯುದ್ದಕ್ಕೂ ಗೂಟ ನೆಡಿ. ಬೇಸಿಗೆಯಲ್ಲಿ ಶುರು ಮಾಡುವವರು ಹಳೆಯ ಕೊರಕಲು, ಮರಳು ಬಿದ್ದ ಜಾಗ, ಬದು ಒಡೆದ ಗುರುತು ಹುಡುಕಿ. ಆಮೇಲೆ ಪೈಪಿನ ಮಟ್ಟ ಹಿಡಿದು ಖಚಿತ ಮಾಡಿಕೊಳ್ಳಿ. ಇಬ್ಬರು ಎರಡು ತುದಿಯಲ್ಲಿ ಕೋಲಿಗೆ ಪೈಪು ಹಿಡಿದು ನಿಲ್ಲಬೇಕು. ಎರಡೂ ಕಡೆ ನೀರು ಕೋಲಿನ ಒಂದೇ ಗುರುತಿಗೆ ನಿಂತರೆ ಆ ಎರಡು ಜಾಗ ಸಮಮಟ್ಟ. ಅಂಥ ಜಾಗಗಳನ್ನು ಸುಣ್ಣದಿಂದ ಸೇರಿಸುತ್ತ ಹೋದರೆ ಬದುವಿನ ಗೆರೆ ಸಿಗುತ್ತದೆ. ಅದು ನೇರವಾಗಿರುವುದಿಲ್ಲ, ಹಾವಿನ ಹಾಗೆ ಬಳುಕುತ್ತದೆ. ಉಳುಮೆಗೆ ತೊಂದರೆ ಎಂದು ಪೂರ್ತಿ ನೇರ ಮಾಡಿದರೆ ತಗ್ಗಿನಲ್ಲಿ ನೀರು ಒತ್ತಿ ಬದು ಒಡೆಯುತ್ತದೆ. ಸಣ್ಣಪುಟ್ಟ ತಿರುವುಗಳನ್ನು ಮಾತ್ರ ಸವರಿಕೊಳ್ಳಿ.

ಮಣ್ಣು ನೋಡಿ ಬದು ತೀರ್ಮಾನಿಸಿ. ಪಾವಗಡ, ಚಳ್ಳಕೆರೆ ಕಡೆಯ ಕೆಂಪು ಮಣ್ಣಿಗೆ, ಕಡಿಮೆ ಮಳೆಗೆ ಸಮಪಾತಳಿ ಬದು ಹೊಂದುತ್ತದೆ. ಗದಗ, ನವಲಗುಂದ ಕಡೆಯ ಆಳವಾದ ಎರೆಮಣ್ಣಿಗೆ ಅದೇ ಬದು ಹಾಕಿದರೆ ನೀರು ದಿನಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ, ಬೇಸಿಗೆಯಲ್ಲಿ ಬದುವೇ ಬಿರಿಯುತ್ತದೆ. ಅಲ್ಲಿ ಕೋಡಿಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟ ಬದು ಬೇಕು: 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂ.ಮೀ. ಇಳಿತ. ಯಾವ ಬದುವಾದರೂ ಕೋಡಿ ಇಲ್ಲದೆ ಮುಗಿಯಿತು ಎನ್ನಬೇಡಿ.

ಹಂತ 3: ಹೊಂಡದ ಜಾಗ

ಹೊಲದ ಅತಿ ತಗ್ಗಿನ ಮೂಲೆಯೇ ಸರಿ ಎಂಬ ಮಾತು ಅರ್ಧ ನಿಜ. ತಗ್ಗು ಬೇಕು, ಆದರೆ ಹೊಂಡ ತುಂಬಿದ ಮೇಲೆ ಹೆಚ್ಚುವರಿ ನೀರು ಹೊರಹೋಗಲು ನಿಮ್ಮದೇ ಜಮೀನಿನಲ್ಲಿ ದಾರಿ ಉಳಿದಿರಬೇಕು. ಅಂಚಿಗೆ ಅಂಟಿಕೊಂಡು ತೋಡಿದರೆ ಮೊದಲ ದೊಡ್ಡ ಮಳೆಗೆ ಪಕ್ಕದವರ ಹೊಲ ಕೊಚ್ಚಿಹೋಗುತ್ತದೆ, ಜಗಳ ಪಂಚಾಯಿತಿ ಕಟ್ಟೆ ಹತ್ತುತ್ತದೆ.

ಹಳ್ಳದೊಳಗೆ ಅಥವಾ ಪಹಣಿಯಲ್ಲಿ ಬಿ ಖರಾಬು ಎಂದಿರುವ ಜಾಗದಲ್ಲಿ ಬೇಡ, ಅದು ಸರ್ಕಾರದ್ದು. ವಿದ್ಯುತ್ ತಂತಿಯ ಕೆಳಗೆ ಬೇಡ, ಯಂತ್ರದ ತೋಳು ತಾಗಿದರೆ ಜೀವಕ್ಕೇ ಅಪಾಯ. ಮನೆ, ದಾರಿ, ಮಕ್ಕಳು ಶಾಲೆಗೆ ಹೋಗುವ ಕಾಲುದಾರಿಯ ಪಕ್ಕ ಬೇಡ.

ಜಾಗ ಗೊತ್ತಾದ ಮೇಲೆ ಪರೀಕ್ಷೆಯ ಗುಂಡಿ ತೆಗೆಯಿರಿ. ಯಾರೂ ಇದನ್ನು ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಒಂದು ಮೀಟರ್ ಆಳದ ಗುಂಡಿಗೆ ಸಂಜೆ ನೀರು ತುಂಬಿ ಬೆಳಿಗ್ಗೆ ನೋಡಿದರೆ ಮಣ್ಣು ಎಷ್ಟು ಕುಡಿಯುತ್ತದೆ ಎಂದು ತಿಳಿಯುತ್ತದೆ. ಆಳವಾದ ಎರೆಯಲ್ಲಿ ನೀರು ಹಾಗೇ ನಿಂತಿದ್ದರೆ ಹೊದಿಕೆಯ ಅಗತ್ಯವೇ ಇರಲಾರದು. ಕೆಂಪು, ಮರಳು ಮಿಶ್ರಿತ ಮಣ್ಣಿನಲ್ಲಿ ಗುಂಡಿ ಬರಿದಾಗಿದ್ದರೆ ಹೊದಿಕೆ ಇಲ್ಲದ ಹೊಂಡ ಬರೀ ಇಂಗುಗುಂಡಿ. ಅಂತರ್ಜಲಕ್ಕೆ ಅದೂ ಒಳ್ಳೆಯದೇ, ಆದರೆ ಪಂಪು ಇಡಲು ನೀರು ಉಳಿಯುವುದಿಲ್ಲ. ಇನ್ನೊಂದು ಗುಂಡಿಯನ್ನು ಯಂತ್ರದಿಂದ 3 ಮೀಟರಿಗೆ ಇಳಿಸಿ ನೋಡಿ, ಒಳಗೆ ಜನ ಇಳಿಯುವುದು ಬೇಡ. ಕೆಳಗೆ ಬಂಡೆ ಸಿಕ್ಕರೆ ಜಾಗ ಬದಲಿಸಿ. ಎರಡು ಮೀಟರಿಗೇ ನಿಂತ ಹೊಂಡವನ್ನು ಅಳತೆಯ ದಿನ ಮೂರು ಮೀಟರ್ ಎಂದು ಬರೆಯಲಾಗದು, ಹಣ ಅಷ್ಟಕ್ಕೇ ಸಿಗುತ್ತದೆ. ನೋಡಿದ ಮೇಲೆ ಎರಡೂ ಗುಂಡಿಗಳನ್ನು ಮುಚ್ಚಿಬಿಡಿ.

ಹಂತ 4: ಅಳತೆ ನಿರ್ಧರಿಸಿ

ಯೋಜನೆಯಲ್ಲಿ 10×10ರಿಂದ 21×21 ಮೀಟರ್‌ವರೆಗೆ ಬೇರೆ ಬೇರೆ ಅಳತೆಯ ಹೊಂಡಗಳಿವೆ, ಆಳ 3 ಮೀಟರ್. ಹೆಚ್ಚು ಸಹಾಯಧನ ಬರುತ್ತದೆಂದು ಎಲ್ಲರೂ ದೊಡ್ಡದನ್ನೇ ಕೇಳುತ್ತಾರೆ. ಮೊದಲು ಈ ಲೆಕ್ಕ ಹಾಕಿ.

ಒಂದು ಎಕರೆಯ ಮೇಲೆ ಬೀಳುವ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. ವರ್ಷಕ್ಕೆ 500 ಮಿ.ಮೀ. ಬೀಳುವ ಊರಿನಲ್ಲಿ 4 ಎಕರೆಯ ಮೇಲೆ ಬೀಳುವುದು 80 ಲಕ್ಷ ಲೀಟರ್. ಅದರಲ್ಲಿ ಹತ್ತರಲ್ಲೊಂದು ಪಾಲು ಹರಿದು ಹೊಂಡ ಸೇರಿತು ಎಂದುಕೊಂಡರೂ ಇಡೀ ವರ್ಷಕ್ಕೆ 8 ಲಕ್ಷ, ಅದೂ ಹಲವು ಮಳೆಗಳಲ್ಲಿ ಚೂರುಚೂರಾಗಿ. ಬದು ಚೆನ್ನಾಗಿ ಕಟ್ಟಿದ ಹೊಲದಲ್ಲಿ ಹರಿವು ಇನ್ನೂ ಕಡಿಮೆ.

ಈಗ ಹೊಂಡದ ಕಡೆ ನೋಡಿ. ಬದಿಗಳಿಗೆ ಒಂದಕ್ಕೆ ಒಂದರಂತೆ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಳಿಜಾರು ಕೊಟ್ಟರೆ 12×12 ಮೀಟರಿನ ಹೊಂಡದ ತಳ 6×6 ಆಗುತ್ತದೆ, ಹಿಡಿಯುವುದು ಸುಮಾರು 2.5 ಲಕ್ಷ ಲೀಟರ್. 21×21ರದ್ದು 9.8 ಲಕ್ಷ. ಮೇಲಿನ 4 ಎಕರೆಯ ರೈತನಿಗೆ ದೊಡ್ಡ ಹೊಂಡ ಒಮ್ಮೆಯೂ ತುಂಬುವುದಿಲ್ಲ. ತುಂಬದ ಭಾಗದ ಪ್ಲಾಸ್ಟಿಕ್ ಬಿಸಿಲಿಗೆ ಸುಟ್ಟು ಬೇಗ ಹಾಳಾಗುತ್ತದೆ. ಅವನಿಗೆ 12 ಅಥವಾ 15 ಮೀಟರಿನದು ಸಾಕು, ಬಳಸಿದ ಮೇಲೆ ಮತ್ತೆ ತುಂಬುತ್ತದೆ. ಮೇಲಿನ ಹೊಲಗಳ ನೀರೂ ನಿಮ್ಮಲ್ಲಿಗೇ ಇಳಿದು ಬರುವುದಾದರೆ ಮಾತ್ರ ದೊಡ್ಡದನ್ನು ಯೋಚಿಸಿ.

ಬಳಕೆಯನ್ನೂ ಅಳೆಯಿರಿ. ಒಂದು ಎಕರೆಗೆ 25 ಮಿ.ಮೀ.ನಷ್ಟು ನೀರು ಕೊಡಲು 1 ಲಕ್ಷ ಲೀಟರ್ ಬೇಕು. ಅಂದರೆ 12 ಮೀಟರಿನ ಹೊಂಡ ಶೇಂಗಾ ಹೂವಾಡುವಾಗ ಮಳೆ ಕೈಕೊಟ್ಟರೆ ಎರಡೂವರೆ ಎಕರೆಗೆ ಒಮ್ಮೆ ಜೀವ ನೀರು ಕೊಡುತ್ತದೆ. ಬೇಸಿಗೆ ಬೆಳೆಗೆ ಇದನ್ನು ನೆಚ್ಚಬೇಡಿ. ತುಂಬಿದ ಹೊಂಡದ ಮೇಲಿಂದ ದಿನಕ್ಕೆ 5 ಮಿ.ಮೀ. ಆವಿಯಾದರೂ 700 ಲೀಟರ್ ಹೋಗುತ್ತದೆ.

ಮಣ್ಣು ಸಡಿಲವಾಗಿದ್ದರೆ, ಎರೆಯಾಗಿದ್ದರೆ ಬದಿಗಳಿಗೆ ಒಂದಕ್ಕೆ ಒಂದೂವರೆ ಇಳಿಜಾರು ಬೇಕು. ಆಗ 10×10ರ ಹೊಂಡದ ತಳದಲ್ಲಿ ಉಳಿಯುವುದು ಒಂದೇ ಮೀಟರ್. ಅಂಥ ಮಣ್ಣಿನವರು ಆ ಅಳತೆಯನ್ನು ಕೇಳಲೇಬಾರದು.

ಹಂತ 5: ಹಣದ ಲೆಕ್ಕ ಬರೆಯಿರಿ

ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ, ಹೊದಿಕೆಗೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90 ಸಹಾಯಧನ. ಸೂಕ್ಷ್ಮ ನೀರಾವರಿಗೆ ಶೇ. 90. ಬೇಲಿ, ಪಂಪಿನ ಪಾಲು ಬೇರೆ, ಅದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಆದೇಶ ನೋಡಿಯೇ ತಿಳಿದುಕೊಳ್ಳಿ. ಯೋಜನೆ ಎಲ್ಲ ತಾಲ್ಲೂಕುಗಳಲ್ಲೂ ಇಲ್ಲ, ನಿಮ್ಮದು ಪಟ್ಟಿಯಲ್ಲಿದೆಯೇ ಎಂಬುದನ್ನೂ ಅಲ್ಲೇ ಕೇಳಿ.

ಇಲ್ಲಿ ಜನ ತಪ್ಪು ತಿಳಿಯುವುದು ಒಂದೇ ವಿಷಯದಲ್ಲಿ. ಶೇ. 80 ಎಂಬುದು ಇಲಾಖೆ ನಿಗದಿ ಮಾಡಿದ ದರದ ಮೇಲೆ, ನಿಮ್ಮ ಖರ್ಚಿನ ಮೇಲಲ್ಲ. ಇಲಾಖೆಯ ದರ 1,00,000 ರೂ. ಎಂದಿಟ್ಟುಕೊಳ್ಳಿ. ಗಟ್ಟಿ ನೆಲ ಸಿಕ್ಕು ನಿಮಗೆ 1,30,000 ತಗುಲಿದರೂ ಬರುವುದು 80,000. ಕೈಯಿಂದ ಹೋಗುವುದು 50,000. ಸಾಮಾನ್ಯವಾಗಿ ಹಣ ಬರುವುದೂ ಕೆಲಸ ಪರಿಶೀಲನೆಯಾದ ಮೇಲೆ. ಅಲ್ಲಿಯವರೆಗೆ ಯಂತ್ರದ ಬಾಡಿಗೆ ಕೊಡುವವರು ನೀವೇ. ಖಾಸಗಿ ಬಡ್ಡಿಗೆ ಸಾಲ ತಂದು ತೋಡಿಸಿದವರು, ಹಣ ತಡವಾದಷ್ಟೂ ಸಹಾಯಧನವನ್ನೇ ಬಡ್ಡಿಗೆ ಕಟ್ಟಿದ್ದನ್ನು ಎಲ್ಲ ಊರುಗಳಲ್ಲೂ ಕಾಣಬಹುದು. ಅಷ್ಟು ಹಣ ಒದಗದಿದ್ದರೆ ಈ ವರ್ಷ ಬದು, ಮುಂದಿನ ವರ್ಷ ಚಿಕ್ಕ ಹೊಂಡ ಎಂದು ಹಂಚಿಕೊಳ್ಳಬಹುದೇ ಎಂದು ಅಧಿಕಾರಿಯನ್ನು ಕೇಳಿ.

ಉದ್ಯೋಗ ಖಾತರಿಯಲ್ಲೂ ಬದು, ಹೊಂಡ ಮಾಡಿಸುವ ದಾರಿ ಇದೆ. ಅದು ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯ ಮೂಲಕ ಬರಬೇಕು, ಕೂಲಿಯವರ ಕೈಯಿಂದಲೇ ಆಗಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಹೋದ ವರ್ಷ ಪಕ್ಕದ ಮನೆಯವರಿಗೆ ಸಿಕ್ಕಿದ್ದನ್ನು ನಂಬಿ ಹೋಗಬೇಡಿ. ಒಂದೇ ಹೊಂಡಕ್ಕೆ ಎರಡು ಕಡೆಯಿಂದ ಹಣ ಪಡೆಯುವಂತಿಲ್ಲ, ಸಿಕ್ಕಿಬಿದ್ದರೆ ಎರಡನ್ನೂ ವಾಪಸು ಕಟ್ಟಬೇಕಾದೀತು. "ಯಂತ್ರದಲ್ಲಿ ತೋಡಿಸೋಣ, ನಾಲ್ಕು ಜನರ ಜಾಬ್ ಕಾರ್ಡ್ ಕೊಡಿ ಸಾಕು" ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಕೂಲಿಯವರ ಹಕ್ಕಿನ ಹಣ ಅದು. ತನಿಖೆ ಬಂದಾಗ ಉತ್ತರ ಹೇಳಬೇಕಾದವರು ಕಾರ್ಡ್ ಕೊಟ್ಟವರು, ಜಮೀನಿನ ಮಾಲೀಕರು.

ಹಂತ 6: ಅರ್ಜಿ, ಸ್ಥಳ ಪರಿಶೀಲನೆ, ಕಾರ್ಯಾದೇಶ

ಅರ್ಜಿ ಕೊಡುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ, ಗುರಿ (ಆ ವರ್ಷ ಎಷ್ಟು ಹೊಂಡ ಎಂಬ ಲೆಕ್ಕ) ಬರುವುದು ಆಮೇಲೆ, ಗುರಿಗಿಂತ ಅರ್ಜಿಗಳು ಯಾವಾಗಲೂ ಹೆಚ್ಚು. ಏಪ್ರಿಲ್‌ನಿಂದಲೇ ಕೇಳುತ್ತಿರಿ. ಅರ್ಜಿ ಕೊಟ್ಟ ದಿನ ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ. ತಿಂಗಳಾದ ಮೇಲೆ "ನಿಮ್ಮ ಅರ್ಜಿ ಸಿಗುತ್ತಿಲ್ಲ" ಎಂಬ ಮಾತಿಗೆ ಬೇರೆ ಉತ್ತರವಿಲ್ಲ.

ಸ್ಥಳ ಪರಿಶೀಲನೆಗೆ ಅಧಿಕಾರಿ ಬಂದಾಗ ನೀವು ಹೊಲದಲ್ಲಿರಬೇಕು. ಸುಣ್ಣದ ಗುರುತು ತೋರಿಸಿ, ಪರೀಕ್ಷೆಯ ಗುಂಡಿಯಲ್ಲಿ ಏನು ಕಂಡಿತು ಎಂದು ಹೇಳಿ. ಕೆಲಸಕ್ಕೆ ಮುಂಚಿನ ಜಿಪಿಎಸ್ ಫೋಟೊ ಆಗ ತೆಗೆಯುತ್ತಾರೆ. ಆ ಫೋಟೊ ಇಲ್ಲದ ಹೊಂಡ ಹಳೆಯ ಹೊಂಡ ಎಂದೇ ಲೆಕ್ಕ.

ಕಾರ್ಯಾದೇಶ ಬರಹದಲ್ಲಿ ಕೈಗೆ ಬರುವವರೆಗೆ, ಪರೀಕ್ಷೆಯ ಗುಂಡಿ ಬಿಟ್ಟರೆ, ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡಿ. "ಶುರು ಮಾಡಿ, ಆದೇಶ ಬರುತ್ತೆ" ಎಂಬ ಬಾಯಿಮಾತು ಯಾರಿಂದ ಬಂದರೂ ಅಷ್ಟೇ. ಆದೇಶದಲ್ಲಿ ಮೂರು ಸಂಗತಿ ಓದಿ: ಸರ್ವೆ ನಂಬರ್, ಹೊಂಡದ ಅಳತೆ, ಮುಗಿಸಬೇಕಾದ ದಿನಾಂಕ. ತಪ್ಪಿದ್ದರೆ ಅಂದೇ ತಿದ್ದಿಸಿ.

ಹಂತ 7: ಮೇಲಿನಿಂದ ಕೆಳಕ್ಕೆ ಕೆಲಸ

ಮೊದಲು ಬದು, ಆಮೇಲೆ ಹೊಂಡ. ಬದುವಿನಲ್ಲೂ ಮೇಲಿನ ಬದು ಮೊದಲು. ಕೆಳಗಿನದನ್ನು ಮೊದಲು ಕಟ್ಟಿದರೆ ನಡುವೆ ಬಂದ ಮಳೆ ಇಡೀ ಹೊಲದ ನೀರನ್ನು ಅದರ ಮೇಲೆ ತಂದು ಒಡೆಯುತ್ತದೆ. ಬದುವಿನ ಮಣ್ಣನ್ನು ಪದರ ಪದರವಾಗಿ ತುಳಿಸಿ, ಮೊದಲ ಮಳೆಗೆ ಹುಲ್ಲು, ತೊಗರಿ, ಗ್ಲಿರಿಸಿಡಿಯಾ ಹಾಕಿ. ಬರಿಮಣ್ಣಿನ ಬದು ಹೆಚ್ಚು ದಿನ ನಿಲ್ಲುವುದಿಲ್ಲ.

ಹೊಂಡ ತೋಡುವಾಗ ಎದುರು ನಿಂತು ಬದಿಗಳ ಇಳಿಜಾರು ನೋಡಿಕೊಳ್ಳಿ. ಬೇಗ ಮುಗಿಸುವ ಆತುರಕ್ಕೆ ಯಂತ್ರದವರು ಗೋಡೆಯಂತೆ ನೇರ ತೆಗೆಯುತ್ತಾರೆ, ಅದು ಕುಸಿಯುತ್ತದೆ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದು ಮೀಟರ್ ಆಚೆ ಹಾಕಿಸಿ. ನೀರು ಒಳಬರುವ ಕಡೆ ದಾರಿ ಬಿಟ್ಟಿರಬೇಕು. ಸುತ್ತಲೂ ಏರಿ ಹಾಕಿ ನೀರಿಗೆ ಬಾಗಿಲೇ ಇಲ್ಲದಂತೆ ಮಾಡಿದ ಹೊಂಡಗಳು ಕಡಿಮೆಯೇನಲ್ಲ.

ಒಳಹರಿವಿಗೆ ಎರಡು ಮೂರು ಮೀಟರ್ ಮುಂಚೆ ಹೂಳು ಗುಂಡಿ ಮಾಡಿ. ಎರಡು ಮೀಟರ್ ಉದ್ದಗಲ, ಒಂದು ಮೀಟರ್ ಆಳ ಸಾಕು. ಒಳಹರಿವಿಗೆ, ಹೊರಹರಿವಿಗೆ ಕಲ್ಲು ಜೋಡಿಸಿ.

ಹಂತ 8: ಹೊದಿಕೆ

ಹೊಂಡ ಮುಗಿದ ಮೇಲೆ ಅಳೆದು ಹೊದಿಕೆ ತರಿಸಿ, ಮೊದಲೇ ಬೇಡ. ಹಾಸುವ ಮುನ್ನ ಹಂತ 10ರಲ್ಲಿ ಹೇಳಿದ ಹೊಂಡದ ಅಳತೆ ಆಗಿರಬೇಕು. 12 ಮೀಟರಿನ ಹೊಂಡಕ್ಕೆ 12×12 ಹೊದಿಕೆ ಸಾಲದು. ತಳ 6 ಮೀಟರ್, ಎರಡು ಬದಿಯ ಇಳಿಜಾರು ತಲಾ 4.25, ಅಂಚಿನ ಕಾಲುವೆಯಲ್ಲಿ ಹೂಳಲು ತಲಾ 1 ಮೀಟರ್. ಒಟ್ಟು 16.5×16.5, ಅಂದರೆ ಸುಮಾರು 272 ಚದರ ಮೀಟರ್. ಬಾಯಿಯ ಅಳತೆ 144 ಮಾತ್ರ.

500 ಮೈಕ್ರಾನ್ ದಪ್ಪ, ಐಎಸ್ 15351 ಗುರುತು, ಕಂಪನಿಯ ಖಾತರಿ ಪತ್ರ, ಜಿಎಸ್‌ಟಿ ಬಿಲ್ಲು ನಾಲ್ಕೂ ಇರಬೇಕು. ಬಿಲ್ಲು ನಿಮ್ಮದೇ ಹೆಸರಿನಲ್ಲಿರಲಿ. ಹಾಸುವ ಮುನ್ನ ಕಲ್ಲು, ಬೇರು, ಕೂಳೆ ಆರಿಸಿ ತೆಗೆದು ನೆಲ ನಯ ಮಾಡಿ. ಬಿಗಿಯಾಗಿ ಎಳೆಯಬೇಡಿ, ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ನೀರಿನ ಭಾರಕ್ಕೆ ಮೂಲೆಗಳಲ್ಲಿ ಹರಿಯುತ್ತದೆ. ಚಪ್ಪಲಿ ಹಾಕಿಕೊಂಡು ಮೇಲೆ ನಡೆಯಬೇಡಿ.

ಹಂತ 9: ಬೇಲಿ. ಇದನ್ನು ಮುಂದೂಡಬೇಡಿ

ಹೊದಿಕೆ ಹಾಕಿದ ಹೊಂಡದೊಳಗೆ ಬಿದ್ದವರು ಈಜು ಬಂದರೂ ಹತ್ತಿ ಬರಲಾರರು. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲೂ ನಿಲ್ಲುವುದಿಲ್ಲ, ಕೈಯೂ ಹಿಡಿಯುವುದಿಲ್ಲ. ಪ್ರತಿ ಮಳೆಗಾಲವೂ ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ತೀರಿಕೊಂಡ ಸುದ್ದಿ ಬರುತ್ತದೆ, ಕಾಪಾಡಲು ಇಳಿದ ದೊಡ್ಡವರೂ ಅವರ ಜೊತೆ ಹೋಗುತ್ತಾರೆ.

ಹೊದಿಕೆ ಹಾಸುವ ವಾರವೇ ಕಲ್ಲುಕಂಬ, ತಂತಿಬೇಲಿ ಆಗಬೇಕು. ಸಹಾಯಧನದ ಬೇಲಿ ತಡವಾದರೆ ಅಲ್ಲಿಯವರೆಗೆ ಮುಳ್ಳುಬೇಲಿಯನ್ನಾದರೂ ಹಾಕಿ. ಗೇಟಿಗೆ ಬೀಗ ಇರಲಿ. ನಾಲ್ಕೂ ಬದಿಗೆ ಗಂಟು ಕಟ್ಟಿದ ದಪ್ಪ ಹಗ್ಗವನ್ನು ಕಂಬಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದು ಸದಾ ಹೊಂಡದ ಪಕ್ಕದಲ್ಲಿರಲಿ. ಹಗ್ಗಕ್ಕೂ ಟ್ಯೂಬಿಗೂ ಯಾವ ಯೋಜನೆಯೂ ಹಣ ಕೊಡಬೇಕಾಗಿಲ್ಲ, ನೀವೇ ತನ್ನಿ.

ಹಂತ 10: ಅಳತೆ, ಬಿಲ್ಲು, ಹಣ

ಕೆಲಸ ನಡೆಯುವಾಗ, ಮುಗಿದ ಮೇಲೆ ಮತ್ತೆ ಜಿಪಿಎಸ್ ಫೋಟೊ ಆಗಬೇಕು. ಹೊಂಡ ತೋಡಿ ಮುಗಿದ ತಕ್ಷಣ, ಹೊದಿಕೆ ಹಾಕುವ ಮೊದಲು ಅಳತೆ ಮಾಡಿಸಿ. ನೀರು ತುಂಬಿದ ಮೇಲೆ ಆಳ ಅಳೆಯಲು ಯಾರೂ ಒಪ್ಪುವುದಿಲ್ಲ, ಆಗ ಕಡತ ಬೇಸಿಗೆಯವರೆಗೆ ಮಲಗುತ್ತದೆ. ಅಳತೆ ಪುಸ್ತಕದಲ್ಲಿ ಬರೆದ ಅಂಕಿಯನ್ನು ನೀವೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಖಾಲಿ ಬಿಲ್ಲಿಗೆ, ಖಾಲಿ ಛಾಪಾಕಾಗದಕ್ಕೆ ಸಹಿ ಹಾಕಬೇಡಿ. "ಎಲ್ಲ ನಾನೇ ಮಾಡಿಸುತ್ತೇನೆ, ಹಣ ಬಂದಾಗ ಓಟಿಪಿ ಹೇಳಿ" ಎನ್ನುವವರಿಗೆ ಎಟಿಎಂ ಕಾರ್ಡನ್ನೂ ಓಟಿಪಿಯನ್ನೂ ಕೊಡಬೇಡಿ. ಮಾರ್ಚ್ ಕೊನೆಯೊಳಗೆ ಬಿಲ್ಲು ಸೇರದಿದ್ದರೆ ಆ ವರ್ಷದ ಅನುದಾನ ಮುಗಿದುಹೋಗುವ ಅಪಾಯವಿದೆ. ಜನವರಿಯಿಂದಲೇ ವಾರಕ್ಕೊಮ್ಮೆ ಕಡತ ಎಲ್ಲಿದೆ ಎಂದು ಕೇಳಿ. ಹೋಬಳಿಯಲ್ಲಿ ಉತ್ತರ ಸಿಗದಿದ್ದರೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಸ್ವೀಕೃತಿಯ ಪ್ರತಿಯೊಂದಿಗೆ ಬರಹದಲ್ಲಿ ಕೊಡಿ.

ಹಂತ 11: ಹನಿ, ತುಂತುರು

ಹೊಲದ ಬೆಳೆಗಾದರೆ ಕೃಷಿ ಇಲಾಖೆ, ತೋಟದ ಬೆಳೆಗಾದರೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗಾದರೆ ರೇಷ್ಮೆ ಇಲಾಖೆ. ತಪ್ಪು ಬಾಗಿಲಿಗೆ ಹೋಗಿ ಒಂದು ವರ್ಷ ಕಳೆಯಬೇಡಿ. ಒಮ್ಮೆ ಹನಿ ನೀರಾವರಿಗೆ ಸಹಾಯಧನ ಪಡೆದ ಜಮೀನಿಗೆ 7 ವರ್ಷ ಮತ್ತೆ ಸಿಗುವುದಿಲ್ಲ. ಹೊಂಡದ ನೀರಿನಲ್ಲಿ ಹೂಳಿರುತ್ತದೆ, ಆದ್ದರಿಂದ ಹನಿ ಹಾಕುವವರು ಒಳ್ಳೆಯ ಫಿಲ್ಟರ್ ಹಾಕಿಸಲೇಬೇಕು. ಪಂಪಿನ ಫುಟ್‌ವಾಲ್ವನ್ನು ತಳಕ್ಕೆ ತಾಗಿಸದೆ ತೇಲುವ ಡಬ್ಬಿಗೆ ಕಟ್ಟಿ ನೀರಿನ ಮೇಲ್ಮಟ್ಟದಿಂದ ಸ್ವಲ್ಪ ಕೆಳಗೆ ಬಿಡಿ.

ಹಂತ 12: ಮೊದಲ ಮಳೆಯ ದಿನ

ಮೊದಲ ದೊಡ್ಡ ಮಳೆ ನಿಂತೊಡನೆ ಸಲಿಕೆ ಹಿಡಿದು ಹೊಲಕ್ಕೆ ಹೋಗಿ. ಬದು ಎಲ್ಲಿ ಕುಸಿದಿದೆ, ಕೋಡಿ ಕೊರೆಯುತ್ತಿದೆಯೇ, ನೀರು ಹೂಳು ಗುಂಡಿಯನ್ನು ತಪ್ಪಿಸಿ ಪಕ್ಕದಿಂದ ನುಗ್ಗುತ್ತಿದೆಯೇ ನೋಡಿ. ಅಂದು ಎರಡು ಬುಟ್ಟಿ ಮಣ್ಣಿನಲ್ಲಿ ಮುಗಿಯುವುದಕ್ಕೆ ಎರಡನೇ ಮಳೆಯ ನಂತರ ಟ್ರಾಕ್ಟರ್ ಬೇಕಾಗುತ್ತದೆ. ಬೆಳೆಗೆ ನೀರು ಕೊಡದೆಯೇ ಹೊಂಡದ ಮಟ್ಟ ದಿನಕ್ಕೆ ಒಂದು ಅಂಗುಲ ಇಳಿಯುತ್ತಿದ್ದರೆ ಅದು ಆವಿಯಲ್ಲ, ಹೊದಿಕೆ ಎಲ್ಲೋ ಹರಿದಿದೆ. ನೀರು ಎಲ್ಲಿ ಇಳಿಯುವುದು ನಿಂತಿತೋ ಆ ಮಟ್ಟದ ಸುತ್ತಲೇ ತೂತು ಹುಡುಕಿ, ಖಾತರಿ ಅವಧಿಯೊಳಗಿದ್ದರೆ ಕಂಪನಿಯವರನ್ನು ಕರೆಸಿ. ಹೂಳು ಗುಂಡಿಯನ್ನು ಅರ್ಧ ತುಂಬಿದಾಗಲೇ ತೋಡಿ, ಆ ಮಣ್ಣನ್ನು ಮತ್ತೆ ಮೇಲಿನ ಹೊಲಕ್ಕೆ ಚೆಲ್ಲಿ.